ಅಸಲು ಯಾವುದು, ನಕಲು ಯಾವುದು?

ಹಿರಿಯರಿಂದ ಬಂದ ವಸ್ತುವನ್ನು ಇದ್ದ ಹಾಗೆಯೇ ಉಳಿಸಬೇಕೇ, ಅಥವಾ ನಮ್ಮ ಕಾಲಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಬಹುದೇ? ಮನೆಯ ಬಗ್ಗೆ, ಭಾಷೆಯ ಬಗ್ಗೆ, ಆಚಾರದ ಬಗ್ಗೆ ಈ ಪ್ರಶ್ನೆ ಎದ್ದಾಗ ಚರ್ಚೆ ಬೇಗ ಬಿಸಿಯಾಗುತ್ತದೆ. ಕೇಳಿದವರು ಯಾವ ಗುಂಪಿನವರೆಂದು ನೋಡಿಕೊಂಡು ನಾವು ಉತ್ತರ ಹೇಳಿಬಿಡುತ್ತೇವೆ. ಆದ್ದರಿಂದ ಇದನ್ನು ಸ್ವಲ್ಪ ತಣ್ಣಗಿನ ಜಾಗದಲ್ಲಿಟ್ಟು ನೋಡುವುದು ಒಳ್ಳೆಯದೆನಿಸುತ್ತದೆ. ನಾನು ಆರಿಸಿಕೊಂಡಿರುವ ಜಾಗ ಹಳೆಯ ಬೆಂಗಳೂರಿನ ಮೋಟಾರ್‌ಸೈಕಲ್ ಗ್ಯಾರೇಜು.

ಚಾಮರಾಜಪೇಟೆಯಿಂದ ಹೊರಟು ಕಲಾಸಿಪಾಳ್ಯವನ್ನು ಹಾದು ಜೆ.ಸಿ. ರಸ್ತೆಯವರೆಗೆ ನಡೆದರೆ ಸಾಲು ಸಾಲಾಗಿ ಬಿಡಿಭಾಗಗಳ ಅಂಗಡಿಗಳು, ಅವುಗಳ ಹಿಂದಿನ ಓಣಿಗಳಲ್ಲಿ ಲೇತ್, ವೆಲ್ಡಿಂಗ್, ಟಿಂಕರಿಂಗ್, ಪೇಂಟಿಂಗ್ ಕೆಲಸದ ಸಣ್ಣ ಸಣ್ಣ ಮಳಿಗೆಗಳು ಸಿಗುತ್ತವೆ. ಇಲ್ಲಿನ ಮಾತು ದಖನಿ, ಕನ್ನಡ, ತಮಿಳು ಮೂರೂ ಬೆರೆತದ್ದು. ಹಿರಿಯ ಮೆಕ್ಯಾನಿಕ್ಕನನ್ನು ಹಿಂದೂ ಹುಡುಗನೂ ‘ಉಸ್ತಾದ್’ ಎನ್ನುತ್ತಾನೆ, ಸ್ಪ್ಯಾನರನ್ನು ಎಲ್ಲರೂ ‘ಪಾನಾ’ ಎನ್ನುತ್ತಾರೆ. ಹಳೆಯ ಬುಲೆಟ್, ಜಾವಾ, ಯೆಜ್ಡಿಗಳನ್ನು ಇಲ್ಲಿಗೆ ತರುವವರಲ್ಲಿ ಎರಡು ಪಂಗಡ. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮಾಡಿಕೊಡಿ ಎನ್ನುವವರು ಒಂದು ಪಂಗಡ. ಮಡ್‌ಗಾರ್ಡು ಕತ್ತರಿಸಿ, ಸೀಟು ತಗ್ಗಿಸಿ, ಹ್ಯಾಂಡಲ್ ಅಗಲಿಸಿ, ಯಾರೂ ನೋಡಿರದ ಗಾಡಿ ಮಾಡಿಕೊಡಿ ಎನ್ನುವವರು ಇನ್ನೊಂದು ಪಂಗಡ. ಮೊದಲನೆಯವರಿಗೆ ಎರಡನೆಯವರು ಕಟುಕರಂತೆ ಕಾಣುತ್ತಾರೆ, ಎರಡನೆಯವರಿಗೆ ಮೊದಲನೆಯವರು ಗೋರಿ ಕಾಯುವವರಂತೆ.

ಈ ಎರಡನೆಯ ಹುಚ್ಚು ನಮ್ಮೂರಿನಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1930ರ ದಶಕದಿಂದಲೇ ಕೈಯಲ್ಲಿ ಹೆಚ್ಚು ಹಣವಿಲ್ಲದ ಹುಡುಗರು ಹಳೆಯ ಫೋರ್ಡ್ ರೋಡ್‌ಸ್ಟರ್‌ಗಳನ್ನು, ಅಂದರೆ ಮೇಲೆ ಗಟ್ಟಿ ಚಾವಣಿಯಿಲ್ಲದ ಇಬ್ಬರು ಕೂರುವ ಕಾರುಗಳನ್ನು, ಅಗ್ಗಕ್ಕೆ ಕೊಂಡು ಭಾರವಾದದ್ದನ್ನೆಲ್ಲ ಬಿಚ್ಚಿ ಎಸೆದು ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. 1932ರಲ್ಲಿ ಫೋರ್ಡ್ ಕಂಪನಿ ಕಡಿಮೆ ಬೆಲೆಯ ಕಾರಿಗೆ ವಿ-8 ಎಂಜಿನ್ ಕೂರಿಸಿದ ಮೇಲೆ ಈ ಹುಡುಗರಿಗೆ ಹಬ್ಬವಾಯಿತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಯುವಕರು ಇದನ್ನು ಮತ್ತಷ್ಟು ಬೆಳೆಸಿದರು. ಇಂಥ ಗಾಡಿಗೆ ‘ಹಾಟ್ ರಾಡ್’ ಎಂಬ ಹೆಸರು ಬಿತ್ತು. 1948ರಲ್ಲಿ ಅದೇ ಹೆಸರಿನ ಪತ್ರಿಕೆಯೂ ಹೊರಬಂತು. ತಮಾಷೆಯ ಸಂಗತಿಯೆಂದರೆ, ಇಂದು ಅಲ್ಲಿ ‘ಸಾಂಪ್ರದಾಯಿಕ ಹಾಟ್ ರಾಡ್’ ಎಂಬುದೇ ಒಂದು ಮಡಿವಂತಿಕೆಯಾಗಿದೆ. ಆ ಕಾಲದ ಹುಡುಗರಿಗೆ ಸಿಗುತ್ತಿದ್ದ ಬಿಡಿಭಾಗವನ್ನೇ ಹಾಕಬೇಕು, ಆ ಕಾಲದ ರೀತಿಯಲ್ಲೇ ಕತ್ತರಿಸಬೇಕು, ಹೊಸ ಕಾಲದ ಚಕ್ರ ಕೂರಿಸಿದರೆ ಅಪಚಾರ. ಸಂಪ್ರದಾಯವನ್ನು ಮುರಿದವರ ಕೆಲಸವೇ ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಸಂಪ್ರದಾಯವಾಯಿತು. ಇದು ಕಾರುಗಳ ಲೋಕಕ್ಕೆ ಮಾತ್ರ ಸೀಮಿತವಾದ ಕಥೆಯಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಕಡೆಯ ಕಥೆಗೆ ಬರೋಣ. ಜಾವಾ ಎಂಬ ಹೆಸರು ಯಾನೆಚೆಕ್ ಎಂಬ ಚೆಕ್ ಉದ್ಯಮಿಯ ಹೆಸರಿನ ಮೊದಲ ಅಕ್ಷರಗಳೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲ ಅಕ್ಷರಗಳೂ ಸೇರಿ 1929ರಲ್ಲಿ ಆದದ್ದು. ಅದನ್ನು ಮೈಸೂರಿಗೆ ತಂದವರು ಪಾರ್ಸಿ ಸಮುದಾಯದ ಇರಾನಿ ಕುಟುಂಬದವರು. 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಿಕೆ ಶುರುವಾಯಿತು. ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ಬಿಡಿಭಾಗಗಳಿಗೆ ಹೆಸರಾದ ನಮ್ಮ ಜೆ.ಸಿ. ರಸ್ತೆ ಅವರ ಹೆಸರಿನದೇ. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. ಅದು ಇರಾನಿನ ಯಜ್ದ್ ನಗರದ ನೆನಪು. ಚೆಕ್ ದೇಶದ ವಿನ್ಯಾಸ, ಪರ್ಶಿಯದ ಹೆಸರು, ಮೈಸೂರಿನ ಕಾರ್ಮಿಕರ ಕೈ, ಬೆಂಗಳೂರಿನ ರಸ್ತೆ. ಇಂಥ ಗಾಡಿಯಲ್ಲಿ ‘ಅಸಲು’ ಯಾವುದು ಎಂದು ಕೇಳಿದರೆ ಎಲ್ಲಿಗೆ ಬೆರಳು ತೋರಿಸುವುದು?

1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ನೂರಾರು ಮನೆಗಳ ಒಲೆಗೆ ಅದರಿಂದ ಬಿದ್ದ ಪೆಟ್ಟು ಬೇರೆಯೇ ಕಥೆ. ಗಾಡಿ ಇಟ್ಟುಕೊಂಡಿದ್ದವರ ಕಷ್ಟ ಎಂದರೆ, ಬಿಡಿಭಾಗ ಬರುವುದು ನಿಂತುಹೋಯಿತು. ಆಗ ಈ ಓಣಿಗಳ ಉಸ್ತಾದ್‌ಗಳು ಸುಮ್ಮನೆ ಕೂರಲಿಲ್ಲ. ಗುಜರಿಯಲ್ಲಿ ಹುಡುಕಿದರು, ಸಿಗದಿದ್ದುದನ್ನು ಲೇತ್ ಮೇಲೆ ಕಡೆದರು, ಬೇರೆ ಗಾಡಿಯ ಭಾಗವನ್ನು ಉಜ್ಜಿ ತಿದ್ದಿ ಕೂರಿಸಿದರು. ಶುದ್ಧತೆಯ ಕಣ್ಣಿನಿಂದ ನೋಡಿದರೆ ಇದೆಲ್ಲ ಕಲಬೆರಕೆ. ಆದರೆ ಇಂದು ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಸಾಲಾಗಿ ನಿಲ್ಲುವ ಹೊಳೆಯುವ ಗಾಡಿಗಳಲ್ಲಿ ಎಷ್ಟೋ ಗಾಡಿಗಳು ಉಳಿದದ್ದೇ ಆ ಕಲಬೆರಕೆಯಿಂದ. ಬೆರಕೆ ಮಾಡಿ ಉಳಿಸಿದವರಿಲ್ಲದಿದ್ದರೆ ಶುದ್ಧ ಮಾಡಲು ಏನೂ ಉಳಿದಿರುತ್ತಿರಲಿಲ್ಲ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ಮಾರುಕಟ್ಟೆಗೆ ಮರಳಿದವು. ಆ ಹೆಸರುಗಳಿಗೆ ಅಷ್ಟು ವರ್ಷ ಬೆಲೆ ಉಳಿದಿತ್ತೆಂದರೆ ಅದರಲ್ಲಿ ಈ ಓಣಿಯ ಎಣ್ಣೆ ಹತ್ತಿದ ಕೈಗಳ ಪಾಲೂ ಇದೆ.

ನನಗೆ ಪರಿಚಯದ ಚಾಮರಾಜಪೇಟೆಯ ಒಂದು ಮನೆಯಲ್ಲಿ ತಂದೆ ತೀರಿಕೊಂಡ ಮೇಲೆ ಅವರ ಜಾವಾ ಗಾಡಿಯ ಬಗ್ಗೆ ಅಣ್ಣತಮ್ಮಂದಿರಿಗೆ ವಾದ ಬಿತ್ತು. ತಂದೆ ಮಾರ್ಕೆಟ್ಟಿನಲ್ಲಿ ವ್ಯಾಪಾರ ಮಾಡುತ್ತಿದ್ದವರು. ಅಣ್ಣನಿಗೆ ಗಾಡಿ ಮೊದಲಿನ ಕೆಂಗಂದು ಬಣ್ಣಕ್ಕೆ, ಹೊಳೆಯುವ ಕ್ರೋಮಿಗೆ ಮರಳಬೇಕು. ತಮ್ಮನಿಗೆ ಹಿಂದಿನ ಮಡ್‌ಗಾರ್ಡು ಕತ್ತರಿಸಿ ಒಂಟಿ ಸೀಟಿನ ‘ಬಾಬರ್’ ಮಾಡಿಸಬೇಕು. ಅಣ್ಣ ಹೇಳುತ್ತಿದ್ದ, “ಇದು ಅಬ್ಬಾನ ಗಾಡಿ, ಕತ್ತರಿಸಬೇಡ.” ತಮ್ಮ ಹೇಳುತ್ತಿದ್ದ, “ಅಬ್ಬಾ ಇದನ್ನು ಓಡಿಸುತ್ತಿದ್ದರು ಭಾಯಿಜಾನ್, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿರಲಿಲ್ಲ.” ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಆಗ ಅವರ ಅಮ್ಮಿ ಒಂದು ಮಾತು ಹೇಳಿದರು. ಮೂಟೆ ಹೇರಲೆಂದು ತಂದೆ ಆ ಗಾಡಿಯ ಹಿಂದೆ ಕಬ್ಬಿಣದ ಒಂದು ಕ್ಯಾರಿಯರ್ ವೆಲ್ಡ್ ಮಾಡಿಸಿದ್ದರು. ಒರಟು ಕೆಲಸ, ಬಣ್ಣವೂ ಸರಿಯಿಲ್ಲ. “ನಿಮ್ಮಿಬ್ಬರ ಗಾಡಿಯಲ್ಲೂ ಆ ಕ್ಯಾರಿಯರ್ ಇಲ್ಲವಲ್ಲಪ್ಪ. ನಿಮ್ಮನ್ನು ಓದಿಸಿದ್ದು ಅದೇ ಅಲ್ಲವಾ?” ಎಂದರು.

ಈ ಮಾತು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮೂಲಕ್ಕೆ ಮರಳಿಸುತ್ತೇವೆ ಎನ್ನುವವರು ಏನನ್ನೂ ಅಳಿಸುವುದಿಲ್ಲವೆಂದು ನಾವು ನಂಬಿರುತ್ತೇವೆ. ಹಾಗಲ್ಲ. ಕಾರ್ಖಾನೆಯ ಮೊದಲ ದಿನವನ್ನು ಮರಳಿ ತರಬೇಕಾದರೆ ಆಮೇಲಿನ ನಲವತ್ತು ವರ್ಷಗಳನ್ನು ಉಜ್ಜಿ ತೆಗೆಯಬೇಕು. ಆ ಗಾಡಿಯ ಮೇಲಿದ್ದ ಗೀರು, ತಗ್ಗು, ಕೈಯಾರೆ ಮಾಡಿಸಿದ ಜೋಡಣೆ ಎಲ್ಲವೂ ಒಬ್ಬ ಮನುಷ್ಯನ ಬದುಕು. ತಮ್ಮ ಕತ್ತರಿಸಿ ಅಳಿಸಲು ಹೊರಟಿದ್ದ, ಅಣ್ಣ ಹೊಳಪು ಕೊಟ್ಟು ಅಳಿಸಲು ಹೊರಟಿದ್ದ. ಅಣ್ಣನಿಗೆ ಬೇಕಾಗಿದ್ದುದು ತಂದೆಯ ಗಾಡಿಯಲ್ಲ, ತಂದೆ ಕೊಳ್ಳುವ ಮೊದಲಿನ ಗಾಡಿ.

ವಸ್ತುವಿನ ಗುರುತು ಯಾವುದರಲ್ಲಿದೆ ಎಂಬುದು ಹಳೆಯ ಪ್ರಶ್ನೆ. ಗ್ರೀಕರು ಥೀಸಿಯಸ್‌ನ ಹಡಗಿನ ಬಗ್ಗೆ ಕೇಳಿಕೊಂಡರು: ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಮೇಲೂ ಅದು ಅದೇ ಹಡಗೇ? ನಮ್ಮಲ್ಲಿ ಬೌದ್ಧರ ‘ಮಿಲಿಂದ ಪನ್ಹ’ದಲ್ಲಿ ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ರಥದ ಬಗ್ಗೆ ವಿಚಾರಿಸುತ್ತಾನೆ. ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ. ಇವೆಲ್ಲ ಕೂಡಿದಾಗ ನಾವು ಇಡುವ ಹೆಸರು ರಥ. ನಮ್ಮ ಆರ್‌ಟಿಒ ಕಚೇರಿಗೆ ಇಷ್ಟು ತಾತ್ವಿಕತೆ ಬೇಡ. ಅದಕ್ಕೆ ಚಾಸಿ ನಂಬರ್, ಎಂಜಿನ್ ನಂಬರ್ ಸಾಕು.

ಆದರೆ ಕಾನೂನಿಗೂ ತನ್ನದೇ ನಿಲುವಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಂತೆ ನೋಂದಣಿ ಪತ್ರದಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ನಿಯಮದಂತೆ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿ ಮೂಲ ರೂಪದಲ್ಲಿದ್ದರೆ ಮಾತ್ರ ‘ವಿಎ’ ಅಕ್ಷರದ ವಿಶೇಷ ನೋಂದಣಿ. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆಯಾಗಿರಬಾರದು. ಕಾನೂನು ಅಣ್ಣನ ಪಕ್ಷ ಎನ್ನಬಹುದು. ಇದಕ್ಕೆ ಕಾರಣವೂ ಇದೆ. ರಸ್ತೆ ಒಬ್ಬನದಲ್ಲ. ಬ್ರೇಕಿನ ಲೆಕ್ಕ ನೋಡದೆ ಚಕ್ರ ಬದಲಿಸಿದವನ ಗಾಡಿ ಎದುರಿಗೆ ಬಂದ ಮಗುವಿನ ಮೇಲೆ ಹರಿಯುತ್ತದೆ. ಸೈಲೆನ್ಸರ್ ಕಿತ್ತುಹಾಕಿ ರಾತ್ರಿ ಓಡಿಸುವವನ ಸ್ವಾತಂತ್ರ್ಯಕ್ಕೆ ಬೆಲೆ ಕೊಡುವವರು ರಸ್ತೆಯ ಪಕ್ಕದ ಮನೆಯ ರೋಗಿಗಳು. ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹಾಯಿಸಿದಾಗ ನನಗೇನೂ ದುಃಖವಾಗಲಿಲ್ಲ.

ಆದರೆ ಕಾನೂನು ತಡೆದದ್ದೆಲ್ಲ ತಪ್ಪು, ಬಿಟ್ಟದ್ದೆಲ್ಲ ಸರಿ ಎಂದು ಮನಸ್ಸು ಒಪ್ಪುವುದಿಲ್ಲ. ಹಾಗಾದರೆ ಅಳತೆಗೋಲು ಯಾವುದು?

ಹಳೆಯ ಉಸ್ತಾದ್ ಒಬ್ಬರನ್ನು ಇದನ್ನೇ ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತ, “ಪಾನಾದಲ್ಲಿ ಬಿಚ್ಚಿದ್ದನ್ನ ಪಾನಾದಲ್ಲೇ ಕಟ್ಟಬಹುದು ಸಾಬ್. ಗರಗಸದಲ್ಲಿ ಕುಯ್ದಿದ್ದನ್ನ ಏನು ಮಾಡ್ತೀರಿ? ನಾನು ಬಿಚ್ಚಿದ ಸಾಮಾನನ್ನೆಲ್ಲ ಚೀಲಕ್ಕೆ ಹಾಕಿ ಗಿರಾಕಿ ಕೈಗೇ ಕೊಡ್ತೀನಿ. ನಾಳೆ ಅವನ ಮಗ ಕೇಳ್ತಾನೆ” ಎಂದರು. ಇದು ಸಾಮಾನ್ಯವಾದ ಮಾತಲ್ಲ. ಮರಳಿ ಬರಲು ದಾರಿ ಬಿಟ್ಟು ಮಾಡುವ ಬದಲಾವಣೆ ಬೇರೆ, ದಾರಿಯನ್ನೇ ಕಡಿದು ಮಾಡುವ ಬದಲಾವಣೆ ಬೇರೆ. ಮೊದಲನೆಯದರಲ್ಲಿ ನಾನು ನನ್ನ ಇಷ್ಟವನ್ನು ನಡೆಸಿಕೊಂಡೆ. ಎರಡನೆಯದರಲ್ಲಿ ನನ್ನ ನಂತರದವನ ಇಷ್ಟವನ್ನೂ ನಾನೇ ನಡೆಸಿಬಿಟ್ಟೆ.

ಹಾಗೆಂದು ಇದೊಂದೇ ನಿಯಮ ಸಾಕಾಗುವುದಿಲ್ಲ. ಎಂಜಿನ್ ಸವೆದಾಗ ಸಿಲಿಂಡರನ್ನು ಬೋರ್ ಮಾಡಿಸಿ ದಪ್ಪ ಪಿಸ್ಟನ್ ಹಾಕಿಸಬೇಕಾಗುತ್ತದೆ. ಹಾಗೆ ಕೊರೆದ ಲೋಹ ಮರಳಿ ಬರುವುದಿಲ್ಲ. ಆದರೂ ಕೊರೆಯದೆ ಗಾಡಿ ಓಡುವುದಿಲ್ಲ. ಆದ್ದರಿಂದ ಎರಡನೆಯ ಪ್ರಶ್ನೆಯೊಂದನ್ನು ಸೇರಿಸಬೇಕು: ಈ ಗಾಯ ಯಾತಕ್ಕಾಗಿ? ವಸ್ತು ಬದುಕಲಿ ಎಂದೇ, ಅಥವಾ ನಾನು ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದೇ? ತಂದೆಯ ಕ್ಯಾರಿಯರ್ ವೆಲ್ಡ್ ಮಾಡಿಸಿದ್ದೂ ಮೂಲಕ್ಕೆ ಆದ ಗಾಯವೇ. ಆದರೆ ಅದರ ಹಿಂದೆ ಒಂದು ಮನೆಯ ಹಸಿವಿತ್ತು. ಕ್ಯಾಲಿಫೋರ್ನಿಯಾದ ಬಡ ಹುಡುಗರಿಗೂ ಹೊಸ ವೇಗದ ಕಾರು ಕೊಳ್ಳುವ ಶಕ್ತಿಯಿರಲಿಲ್ಲ, ಇದ್ದದ್ದರಲ್ಲಿ ಮಾಡಿಕೊಂಡರು. ಅದೇ ಕೆಲಸವನ್ನು ಸುಸ್ಥಿತಿಯಲ್ಲಿರುವ ಅಪರೂಪದ ಗಾಡಿಯ ಮೇಲೆ, ಲಕ್ಷಗಟ್ಟಲೆ ಸುರಿದು, ಫೋಟೋಗಾಗಿ ಮಾಡುವುದು ಒಂದೇ ಅಲ್ಲ.

ಮೂರನೆಯದು ಪ್ರಾಮಾಣಿಕತೆ. ಎರಡು ಗಾಡಿ ಸೇರಿಸಿ ಒಂದು ಮಾಡಿದ್ದರೆ ಹಾಗೆಂದೇ ಹೇಳಿ ಮಾರಬೇಕು. ಮಾಡಿದವರ ಹೆಸರನ್ನೂ ಹೇಳಬೇಕು. ಗಾಡಿ ಪ್ರದರ್ಶನದಲ್ಲಿ ಬಹುಮಾನ ಪಡೆದ ದಿನ ಮಾಲೀಕ ‘ನಾನು ಕಟ್ಟಿದ್ದು’ ಎನ್ನುತ್ತಾನೆ. ತಗಡು ಬಡಿದ ಟಿಂಕರ್, ಸೀಟು ಹೊಲಿದ ಹುಡುಗ, ಟ್ಯಾಂಕಿಗೆ ಕೈಯಲ್ಲೇ ಗೆರೆ ಎಳೆದ ಪೇಂಟರ್ ಅಲ್ಲಿರುವುದಿಲ್ಲ. ಅಸಲು ನಕಲುಗಳ ಇಷ್ಟೆಲ್ಲ ಚರ್ಚೆಯಲ್ಲಿ ಈ ನಕಲನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು, ಕೇಳಿದಾಗ ಮರಳಿಸಬೇಕಾದದ್ದು. ಅದೇ ಶಬ್ದ ಕನ್ನಡಕ್ಕೆ ಬಂದು ಇಂದು ಹೆಚ್ಚಾಗಿ ನೌಕರನನ್ನು ಕೆಲಸದಿಂದ ತಡೆಹಿಡಿಯುವುದಕ್ಕೆ ಬಳಕೆಯಾಗುತ್ತಿದೆ. ‘ಅಮಾನತಿನಲ್ಲಿಡು’ ಎನ್ನುತ್ತೇವೆ. ಹಿರಿಯರ ವಸ್ತುವಿನ ವಿಷಯದಲ್ಲಿ ನಾವು ಈ ಎರಡು ಅರ್ಥಗಳ ನಡುವೆಯೇ ಓಡಾಡುತ್ತಿರುತ್ತೇವೆ. ಕಾಪಾಡುತ್ತೇವೆ ಎಂದುಕೊಂಡು ಎಷ್ಟೋ ಸಲ ಕೆಲಸದಿಂದ ತಡೆಹಿಡಿದಿರುತ್ತೇವೆ. ಆ ಅಣ್ಣತಮ್ಮಂದಿರ ವಾದ ಬಹಳ ದಿನ ಮುಗಿಯಲಿಲ್ಲ. ಅಷ್ಟರಲ್ಲಿ ಎರಡು ಮಳೆಗಾಲ ಕಳೆದು ಟ್ಯಾಂಕಿನೊಳಗೆ ತುಕ್ಕು ಹಿಡಿದಿತ್ತು. ಮುಟ್ಟದೆ ಬಿಡುವುದರಿಂದ ವಸ್ತು ಇದ್ದ ಹಾಗೆ ಉಳಿಯುತ್ತದೆ ಎಂಬುದು ಭ್ರಮೆ. ನಾವು ಬದಲಾಯಿಸದಿದ್ದರೆ ತುಕ್ಕು ಬದಲಾಯಿಸುತ್ತದೆ. ಕೊನೆಗೆ ಚೌಕಟ್ಟನ್ನು ಕುಯ್ಯದೆ, ಕ್ಯಾರಿಯರ್ ತೆಗೆಯದೆ, ಎಂಜಿನ್ ಮಾತ್ರ ಬಿಚ್ಚಿಸಿ ಕಟ್ಟಿಸಿದರು. ಅಣ್ಣನಿಗೂ ಪೂರ್ತಿ ಸಮಾಧಾನವಿಲ್ಲ, ತಮ್ಮನಿಗೂ ಇಲ್ಲ. ಗಾಡಿ ಮಾತ್ರ ಓಡುತ್ತಿದೆ.

1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹಳೆಯ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಬೀಳದವುಗಳಲ್ಲಿ ಕೆಲವು ಬೀಗ ಹಾಕಿಕೊಂಡು ನಿಂತಿವೆ. ನಮ್ಮ ಮಾತು, ನಮ್ಮ ರೂಢಿಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಎಲ್ಲ ಕಡೆಯೂ ಕೆಡವುವವರು ಮತ್ತು ಬೀಗ ಹಾಕುವವರು ಎದುರುಬದುರು ನಿಂತಿದ್ದಾರೆ. ನಡುವೆ ಇನ್ನೊಬ್ಬರಿದ್ದಾರೆ: ದಿನವೂ ಬಳಸುವವರು, ಸವೆದುದನ್ನು ಸರಿಪಡಿಸುವವರು, ತೆಗೆದುದನ್ನು ಚೀಲದಲ್ಲಿ ಕಟ್ಟಿಡುವವರು. ಹಳೆಯದು ಯಾರದು ಎಂದು ನಿರ್ಧರಿಸುವಾಗ ಅವರ ಮಾತನ್ನೂ ಒಮ್ಮೆ ಕೇಳಬೇಕು.