ಪ್ರಾಗ್‌ನ ಗೋಡೆಗಳ ಎದುರು

ಪ್ರಾಗ್‌ನ ನೆರುಡೋವಾ ಬೀದಿ ಕೋಟೆಯತ್ತ ಏರಿಕೊಂಡೇ ಹೋಗುತ್ತದೆ. ಇಲ್ಲಿ ಏದುಸಿರು ಒಂದು ಉಪಕಾರ: ಸುಧಾರಿಸಿಕೊಳ್ಳಲು ನಿಂತಾಗಲೇ ಬಾಗಿಲ ಮೇಲಿನ ಕೆಂಪು ಕುರಿಮರಿ, ಚಿನ್ನದ ಬೀಗದಕೈ, ಬಿಳಿ ಹಂಸ ಕಣ್ಣಿಗೆ ಬೀಳುವುದು.

*

1770ರಲ್ಲಿ ರಾಣಿ ಮರಿಯಾ ತೆರೇಸಾಳ ಆಡಳಿತ ಮನೆಗಳಿಗೆ ನಂಬರು ಕೊಡುವವರೆಗೆ ಈ ಗುರುತುಗಳೇ ವಿಳಾಸ. ನಾವು ಇಂದು ಅಲಂಕಾರವೆಂದು ಫೋಟೊ ತೆಗೆಯುವ ಈ ಗುರುತುಗಳನ್ನು ನೋಡಿಕೊಂಡೇ ಅಕ್ಷರ ಬಾರದ ಕೂಲಿಯವನೂ ಮೂಟೆಯನ್ನು ಸರಿಯಾದ ಮನೆಗೆ ತಲುಪಿಸಬಹುದಿತ್ತು.

*

12ನೇ ಮನೆಯ ಮೇಲೆ ಮೂರು ಪಿಟೀಲುಗಳಿವೆ. ಪಿಟೀಲು ತಯಾರಿಸುವ ಎಡ್ಲಿಂಗರ್ ಮನೆತನ ಅಲ್ಲಿ ಬಾಳಿತ್ತು. ಕಸುಬುದಾರನ ಕಸುಬನ್ನೇ ಅವನ ಮನೆಯ ಹೆಸರಾಗಿ ಒಪ್ಪಿಕೊಂಡ ಊರು ದೊಡ್ಡದು.

*

ಇದೇ ಬೀದಿಯ ಮೊರ್ಜಿನ್ ಅರಮನೆಯ ಬಾಲ್ಕನಿಯನ್ನು ಹೊತ್ತವರು ಇಬ್ಬರು ಕಪ್ಪು ಪುರುಷರು. ಶಿಲ್ಪಿ ಫರ್ಡಿನಾಂಡ್ ಬ್ರೋಕಾಫ್. ಆ ತೋಳುಗಳ ಬಿಗುವನ್ನು ಎಷ್ಟು ನೋಡಿದರೂ ಸಾಲದು. ಆದರೆ ಯಾರ ಹೆಗಲ ಮೇಲೆ ಯಾರು ನಿಂತು ಬೀದಿ ನೋಡುತ್ತಿದ್ದರು ಎಂಬುದನ್ನೂ ಅದೇ ಕಲ್ಲು ಹೇಳುತ್ತಿದೆ. ಕೆತ್ತನೆಯನ್ನು ಮೆಚ್ಚುವವರು ಈ ಮಾತಿಗೂ ಕಿವಿಗೊಡಬೇಕು.

*

ಏರು ಮುಗಿದ ಮೇಲೆ ಶ್ವಾರ್ಜೆನ್‌ಬರ್ಗ್ ಅರಮನೆ. ದೂರದಿಂದ ನೋಡಿದರೆ ಗೋಡೆಯ ತುಂಬ ಚೂಪಾಗಿ ಕಡೆದ ಕಲ್ಲುಗಳು. ಹತ್ತಿರ ಹೋದರೆ ಸಪಾಟು ಗಾರೆ. ಕಪ್ಪು ಗಾರೆಯ ಮೇಲೆ ತೆಳ್ಳಗೆ ಬಿಳಿಯದನ್ನು ಬಳಿದು, ಹಸಿ ಆರುವ ಮೊದಲೇ ಬೇಕಾದಷ್ಟನ್ನು ಕೆರೆದು ತೆಗೆಯುವ ಸ್ಗ್ರಾಫಿಟೊ ಕೆಲಸವಿದು. ಕೆರೆದಲ್ಲೆಲ್ಲ ನೆರಳು, ಬಿಟ್ಟಲ್ಲೆಲ್ಲ ಬೆಳಕು. ಹೀಗಾಗಿ ಮೋಡ ಕವಿದ ದಿನವೂ ಆ ಗೋಡೆಯ ಮೇಲೆ ಬಿಸಿಲು ಬಿದ್ದಿರುತ್ತದೆ.

*

ಸ್ಗ್ರಾಫಿಟೊವನ್ನು ಬಡವರ ಕಲ್ಲುಕೆಲಸ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಗಾರೆ ಕೆಲಸದವನು ತಪ್ಪಿದರೆ ತಿದ್ದಲು ಅವನಿಗಿದ್ದದ್ದು ಕೆಲವೇ ಗಂಟೆ. ಅಷ್ಟರೊಳಗೆ ಅವನ ಕೈ ನಿಶ್ಚಯ ಮಾಡಿಕೊಳ್ಳಬೇಕಿತ್ತು.

*

ಮಾರ್ಗದರ್ಶಿ ಪುಸ್ತಕ ಕಟ್ಟಡವನ್ನು ತೋರಿಸುತ್ತದೆ. ಬಾಗಿಲ ಹಿಡಿಕೆ, ಕಿಟಕಿಯ ಕಮಾನು, ಮೆಟ್ಟಿಲ ಕಂಬಿ ಕಾಣುವುದು ಅದನ್ನು ಮಡಚಿಟ್ಟ ಮೇಲೆ.

*

ಹಳೆ ಪಟ್ಟಣದ ಒಂದು ಮೂಲೆಯಲ್ಲಿ ಬರೋಕ್ ಮನೆಯೊಂದನ್ನು ಕೆಡವಿ, 1912ರ ಹೊತ್ತಿಗೆ ವಾಸ್ತುಶಿಲ್ಪಿ ಯೋಸೆಫ್ ಗೋಚಾರ್ ಕೋನಕೋನವಾಗಿ ಮಡಿಚಿದಂಥ ಕ್ಯೂಬಿಸ್ಟ್ ಕಟ್ಟಡ ಎಬ್ಬಿಸಿದ. ಪೂರಾ ಹೊಸ ಶೈಲಿ. ಆದರೂ ಹಳೆ ಮನೆಯ ಮೇಲಿದ್ದ ಕಪ್ಪು ಮೇರಿಮಾತೆಯ ವಿಗ್ರಹ ಬೀದಿಪಾಲಾಗಲಿಲ್ಲ. ಹೊಸ ಗೋಡೆಯ ಮೂಲೆಯಲ್ಲಿ ಕಂಬಿಗಳ ಗೂಡಿನೊಳಗೆ ಆಕೆಗೆ ಜಾಗ ಸಿಕ್ಕಿತು. ಇಂದಿಗೂ ಜನ ಆ ಕಟ್ಟಡವನ್ನು ಕರೆಯುವುದು ಆಕೆಯ ಹೆಸರಿನಿಂದಲೇ.