ಗೆರೆಯ ಮೇಲಿದ್ದರೆ ಸಾಕೋ?

ಕುದೂರಿಗೆ ನಡೆದುಬರುವವನಿಗೆ ಭೈರವನದುರ್ಗವು ಕಂಡರೆ ದಾರಿ ತಪ್ಪದು. 1932ನೆಯ ಅಕ್ಟೋಬರಿನಲ್ಲಿ ನೆವಿಲ್ ವಿಂಟ್ಸೆಂಟರು ಟಾಟಾ ಕಂಪನಿಯ ಚಿಕ್ಕ ವಿಮಾನದಲ್ಲಿ ಮುಂಬಯಿಯಿಂದ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಟಪಾಲನ್ನು ಒಯ್ದರು. ಆ ಕಾಲದ ವೈಮಾನಿಕರಿಗೂ ಬೆಟ್ಟ, ಹೊಳೆ, ರೈಲುದಾರಿಗಳನ್ನು ಬರೆದ ನಕ್ಷೆಯೇ ಆಸರೆಯಾಗಿತ್ತು.

ಆದರೆ ಮೋಡದೊಳಗೆ ನಕ್ಷೆಯಿಂದೇನು ಪ್ರಯೋಜನ? ಅಲ್ಲಿ ವಿಮಾನವು ಓರೆಯಾಗಿ ತಿರುಗುತ್ತಿದ್ದರೂ ನೆಟ್ಟಗೆ ಹೋಗುತ್ತಿದ್ದೇನೆಂದು ದೇಹವೇ ಸಾಕ್ಷಿ ಹೇಳುವದು. ಅವನು ಸುಳ್ಳುಗಾರನಲ್ಲ, ಆದಾಗ್ಯೂ ಮೋಸಹೋಗುವನು.

ಆದದರಿಂದ 1930ರ ಸುಮಾರಿಗೆ ಅಮೇರಿಕದವರು ರೇಡಿಯೋ ನಿಲಯಗಳನ್ನು ಸ್ಥಾಪಿಸಿದರು. ದಾರಿಯ ಒಂದು ಪಕ್ಕದಲ್ಲಿ ಹ್ರಸ್ವ-ದೀರ್ಘವೆಂಬ ಧ್ವನಿ, ಮತ್ತೊಂದು ಪಕ್ಕದಲ್ಲಿ ದೀರ್ಘ-ಹ್ರಸ್ವ. ನಡುಗೆರೆಯಲ್ಲಿ ಎರಡೂ ಒಂದರೊಳಗೊಂದು ಕೂಡಿ ಎಡೆಬಿಡದ ಒಂದೇ ನಾದವಾಗುತ್ತಿತ್ತು. ಎಂಥ ಸೊಗಸಾದ ಉಪಾಯ! ಆದರೂ ಒಂದನ್ನು ಗಮನಿಸಿರಿ: ನಿಲಯದ ಕಡೆಗೆ ಬರುವವನಿಗೂ ಅದನ್ನು ಬಿಟ್ಟು ದೂರ ಹೋಗುವವನಿಗೂ ನಾದವು ಅದೇ. ಧ್ವನಿಯು ಹೆಚ್ಚುತ್ತದೋ ಕುಗ್ಗುತ್ತದೋ ಎಂಬದನ್ನು ಕಿವಿಗೊಟ್ಟು ಕೇಳಿದವನಿಗೆ ಮಾತ್ರ ತಾನು ಹೋಗುವ ದಿಕ್ಕು ತಿಳಿಯುತ್ತಿತ್ತು.

ನಾನು ಯಾರಿಗೂ ಅನ್ಯಾಯ ಮಾಡಿಲ್ಲವೆನ್ನುವವನು ಸತ್ಯವನ್ನೇ ಹೇಳುತ್ತಿರಬಹುದು. ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರು ಒಂದು ಗುಂಟೆಯೂ ಹೆಚ್ಚುಕಡಮೆಯಾಗದಂತೆ ಹೊಲವನ್ನು ಹಂಚಿಕೊಳ್ಳುವದುಂಟು. ಬದುವಿನ ಕಲ್ಲನ್ನು ಒಬ್ಬರೂ ಕದಲಿಸಿಲ್ಲ. ಆದರೆ ವರುಷ ವರುಷಕ್ಕೆ ಒಬ್ಬರ ಧ್ವನಿಯು ಮತ್ತೊಬ್ಬರ ಮನೆಗೆ ಕಡಮೆಯಾಗಿ ಕೇಳಿಸುತ್ತಿದೆ.