ಬೀಗದ ಕೈ ಕೊಟ್ಟಾಯ್ತು, ಗುಟ್ಟನ್ನೂ ಕೊಡಬಹುದಾ?

ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ಆಸರೆಯಾಗುವ ಒಂದು ಸಂಸ್ಥೆ. ಇಪ್ಪತ್ತು ವರ್ಷದಿಂದ ಒಬ್ಬರೇ ಅಧ್ಯಕ್ಷೆ. ಈಗ ಅವರು ಇಳಿದು ಬೇರೊಬ್ಬರು ಬರುತ್ತಾರೆ ಅಂದುಕೊಳ್ಳಿ. ಕಾಗದದ ಮೇಲೆ ಇದು ಬಹಳ ಸಲೀಸು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆಯಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಬ್ಯಾಂಕಿಗೆ ಠರಾವಿನ ಪ್ರತಿ, ಹೊಸ ಸಹಿ. ಹಾರ, ಶಾಲು, ಉಪ್ಪಿಟ್ಟು, ಕೇಸರಿಬಾತು. ಮುಗೀತು.

ಸದಸ್ಯರಿಗೆ ಗೊತ್ತಾಯ್ತು, ಬ್ಯಾಂಕಿಗೆ ಗೊತ್ತಾಯ್ತು, ಸರ್ಕಾರಕ್ಕೂ ಗೊತ್ತಾಯ್ತು. ಗೊತ್ತಾಗದೇ ಉಳಿದವಳು ಒಬ್ಬಳೇ: ಗಂಡನ ಏಟು ತಾಳಲಾರದೆ ರಾತ್ರಿ ಬಂದು ಬಾಗಿಲು ಬಡಿದು, 'ಅಕ್ಕಾ, ನಿಮ್ಮ ಹತ್ರ ಮಾತ್ರ ಹೇಳ್ತಿದೀನಿ' ಅಂದವಳು. ಅವಳು ಹೇಳಿದ್ದು ಸಂಸ್ಥೆಗಾ, ಅಕ್ಕನಿಗಾ?

ಬೆಂಗಳೂರಿನಲ್ಲಿ ಕೂತ ನಮಗೆ ಇದು ಪ್ರಶ್ನೆ ಅಂತಲೇ ಅನ್ನಿಸಲ್ಲ. ಆಫೀಸಲ್ಲಿ ಯಾರಾದರೂ ಬಿಟ್ಟರೆ ನೋಟಿಸ್ ಪೀರಿಯಡ್‌ನಲ್ಲಿ ಕೆಟಿ ಕೊಟ್ಟು ಹೋಗ್ತಾರೆ, ಪಾಸ್‌ವರ್ಡ್ ಬದಲಾಗುತ್ತೆ, ಸಿಸ್ಟಂ ಓಡುತ್ತೆ. ನಾನು ಬೆಳೆದ ಚನ್ನಗಿರಿ ಸೀಮೆಯ ಲೆಕ್ಕ ಬೇರೆ. ಅಲ್ಲಿನವರಿಗೆ ಹೊನ್ನಾಳಿಯಲ್ಲಿ ಬೀಗರು, ನ್ಯಾಮತಿಯಲ್ಲಿ ಸೋದರತ್ತೆ, ಜಗಳೂರಿನಿಂದ ತಂದ ಸೊಸೆ. ಹೊಸ ಅಧ್ಯಕ್ಷೆ ಎಷ್ಟೇ ಒಳ್ಳೆಯವರಿರಲಿ, ಆ ಗಂಡನಿಗೆ ಯಾವುದೋ ಕಡೆಯಿಂದ ಚಿಕ್ಕಮ್ಮ ಆಗಬಹುದು. ಅಡಿಕೆ ಸುಲಿಯುವಾಗ ಅವನ ತಾಯಿಯ ಪಕ್ಕದಲ್ಲೇ ಕೂರುವವರಿರಬಹುದು. ಫೈಲು ಕಪಾಟಿನಲ್ಲಿದೆ, ಕಪಾಟಿನ ಬೀಗದ ಕೈ ಈಗ ಅವರ ಸೆರಗಿನಲ್ಲಿದೆ.

ಸ್ತ್ರೀಶಕ್ತಿ ಸಂಘಗಳಲ್ಲಿ ಈ ತೊಡಕು ಅಷ್ಟಾಗಿ ಇಲ್ಲ. 2000-01ರಲ್ಲಿ ಶುರುವಾದ ಆ ಸಂಘಗಳಲ್ಲಿ ಲೆಕ್ಕವನ್ನು ಸಭೆಯಲ್ಲೇ ಓದಿ ಹೇಳ್ತಾರೆ. ಯಾರ ಉಳಿತಾಯ ಎಷ್ಟು, ಯಾರ ಕಂತು ಬಾಕಿ, ಎಲ್ಲರಿಗೂ ಗೊತ್ತು. ಪುಸ್ತಕ ಯಾರ ಕೈಗೆ ಹೋದರೂ ನಷ್ಟವಿಲ್ಲ. (ಜಗಳ ಆಗಲ್ಲ ಅಂತಲ್ಲ.) ಸಾಲವನ್ನು ಜೋರಾಗಿ ಓದಬಹುದು, ಗಂಡ ಹೊಡೆದದ್ದನ್ನು ಓದೋಕಾಗಲ್ಲ.

ಹಾಗಂತ ಹಳೇ ಅಕ್ಕನೇ ಕೊನೇವರೆಗೂ ಇರಲಿ ಅನ್ನೋದನ್ನ ನಾನು ಒಪ್ಪಲ್ಲ. ಅತ್ತೆ ಬೀಗದ ಕೈ ಬಿಡೋದಿಲ್ಲ ಅಂತ ಅಳುವ ಸೊಸೆಗೆ ಧೈರ್ಯ ಹೇಳುವ ಸಂಸ್ಥೆಯ ಯಜಮಾನಿಯೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರೆ? ಹೆಂಗಸರ ಸಂಘಟನೆ ಕಟ್ಟಿದವರೇ ಅದನ್ನು ಬಿಟ್ಟುಕೊಟ್ಟ ಉದಾಹರಣೆ ಬೇಕಿದ್ದರೆ ಅಹಮದಾಬಾದಿನ ಇಳಾ ಭಟ್ ಅವರನ್ನು ನೋಡಿ. 1972ರಲ್ಲಿ 'ಸೇವಾ' ಕಟ್ಟಿದರು, 1996ರಲ್ಲಿ ಪ್ರಧಾನ ಕಾರ್ಯದರ್ಶಿ ಸ್ಥಾನ ಬಿಟ್ಟರು. ಅವರು ತೀರಿಕೊಂಡದ್ದು 2022ರಲ್ಲಿ. ಕಟ್ಟಿದವರು ಕಣ್ಣೆದುರೇ ಇದ್ದರೂ ಬೇರೆಯವರು ನಡೆಸಿದರು.

ಗುಟ್ಟಿನ ವಿಷಯಕ್ಕೆ ಮಾತ್ರ ದಾರಿ ಕಾನೂನಿನಲ್ಲೇ ಸಿಗುತ್ತೆ ಅನ್ನಿಸುತ್ತೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿ ಸೇವೆ ಕೊಡುವ ಸಂಸ್ಥೆ ಹಿಂಸೆಯ ವರದಿಯನ್ನು ಬರೆದುಕೊಳ್ಳಬೇಕಾದರೆ ಆ ಹೆಂಗಸು ಬಯಸಿರಬೇಕು. ಬರೆಯುವಾಗ ಅವಳನ್ನು ಕೇಳಬೇಕಾದರೆ, ಬರೆದದ್ದನ್ನು ಇನ್ನೊಬ್ಬರ ಕೈಗೆ ಕೊಡುವಾಗ ಯಾಕೆ ಕೇಳಬಾರದು?

'ಎಲ್ಲರಿಗೂ ಫೋನ್ ಮಾಡ್ತಾ ಕೂರೋಕಾಗುತ್ತಾ' ಅಂತೀರಿ. ಮಾಡಲೇಬಾರದು. ಫೋನು ಎಷ್ಟೋ ಸಲ ಗಂಡನ ಕೈಲಿರುತ್ತೆ. ನಡೆಯುತ್ತಿರುವ ಪ್ರಕರಣವಾದರೆ ಅವಳು ಮುಂದಿನ ಸಲ ಬಂದಾಗ ಹಳಬರು, ಹೊಸಬರು ಇಬ್ಬರೂ ಎದುರಿಗಿರಲಿ, 'ಇನ್ನು ಇವರು ನೋಡ್ಕೋತಾರೆ, ಆಗಬಹುದೇನಮ್ಮಾ' ಅಂತ ಕೇಳಲಿ. ಮುಗಿದ ಫೈಲುಗಳನ್ನು ಲಕೋಟೆಗೆ ಹಾಕಿ ಅಂಟಿಸಿ ಇಡಲಿ, ಅವಳು ಮತ್ತೆ ಬಂದು ಹೇಳುವ ತನಕ ಯಾರೂ ಬಿಚ್ಚೋದು ಬೇಡ.

ಅವಳು 'ಬೇಡ' ಅಂದರೆ? ಹಾಗಾದರೆ ಹಳೇ ಅಕ್ಕ ವಾರಕ್ಕೊಂದು ದಿನ ಬಂದು ಅವಳ ಮಾತು ಕೇಳಬೇಕಾಗುತ್ತೆ, ಚೆಕ್ಕಿಗೆ ಸಹಿ ಹಾಕುವ ಅಧಿಕಾರವಿಲ್ಲದೆ, ಸಭೆಯಲ್ಲಿ ಮಾತಾಡುವ ಹಕ್ಕಿಲ್ಲದೆ, ಮೂಲೆಯ ಕುರ್ಚಿಯಲ್ಲಿ. ಆ ಕುರ್ಚಿ ಹಾಕೋಕೆ ಹೊಸ ಮಂಡಳಿ ಒಪ್ಪುತ್ತಾ, ಅದರಲ್ಲಿ ಕೂರೋಕೆ ಹಳೇ ಅಧ್ಯಕ್ಷೆ ಒಪ್ಪುತ್ತಾರಾ, ಎರಡರ ಬಗ್ಗೆಯೂ ನನಗೆ ಅನುಮಾನವೇ.